ಗಾಜಿಗಿಂತ ಕಬ್ಬಿಣ ಮುಖ್ಯ: ಮನೆಗೊಂದು ವಾಲ್ವ್ ಆಂಪ್ಲಿಫೈಯರ್ ಆರಿಸುವ ಬಗೆ

ವಾಲ್ವ್ ಆಂಪ್ಲಿಫೈಯರನ್ನು ನೋಡುವವರ ಕಣ್ಣು ಮುಂದಿನ ಸಾಲಿನ ಗಾಜಿನ ಮೇಲೆ ನಿಲ್ಲುತ್ತದೆ. ಅದನ್ನು ಮೇಜಿನಿಂದ ಎತ್ತಲು ಹೋದವರ ಬೆನ್ನಿಗೆ ತಿಳಿಯುವುದು ಹಿಂದಿನ ಸಾಲಿನ ಕಬ್ಬಿಣ. ಚಾನೆಲ್ಲಿಗೆ ಬರೀ 8 ವ್ಯಾಟ್ ಕೊಡುವ ಪೆಟ್ಟಿಗೆಯೊಂದು 20 ಕಿಲೋ ತೂಗುವುದು ಅಪರೂಪವೇನಲ್ಲ. ಆ ತೂಕದ ಬಹುಪಾಲು, ಹಿಂಭಾಗದಲ್ಲಿ ಕಪ್ಪು ಡಬ್ಬಿಗಳ ಒಳಗೆ ಮುಚ್ಚಿಟ್ಟ ಮೂರು ಟ್ರಾನ್ಸ್‌ಫಾರ್ಮರುಗಳದು. ಕೊಳ್ಳುವವರು ವಾರಗಟ್ಟಲೆ ಚರ್ಚಿಸುವುದು ವಾಲ್ವಿನ ಹೆಸರನ್ನು, ಅದರ ಕಾರ್ಖಾನೆಯನ್ನು, ಅದರ ವಯಸ್ಸನ್ನು. ಆದರೆ ಕೊನೆಗೆ ಕಿವಿಗೆ ಬೀಳುವ ನಾದವನ್ನು ನಿರ್ಧರಿಸುವುದರಲ್ಲಿ ಮೊದಲ ಪಾಲು ಸ್ಪೀಕರಿನದು, ಎರಡನೆಯದು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನದು, ಮೂರನೆಯದು ಸರ್ಕ್ಯೂಟಿನದು. ವಾಲ್ವಿನ ಬ್ರ್ಯಾಂಡಿನ ಸರದಿ ಬರುವುದು ಇವೆಲ್ಲ ಆದ ಮೇಲೆ. ಈ ಅನುಕ್ರಮ ಯಾಕೆ ಹೀಗಿದೆ ಎಂಬುದು ಅರ್ಥವಾದರೆ ಆಯ್ಕೆಯ ಅರ್ಧ ಕೆಲಸ ಮುಗಿದಂತೆ.

ಪಠ್ಯಪುಸ್ತಕಗಳು ನಿರ್ವಾತ ನಳಿಕೆ ಎಂದು ಬರೆದರೂ ರೇಡಿಯೋ ರಿಪೇರಿಯವರ ಬಾಯಲ್ಲಿ ಅದು ಮೊದಲಿನಿಂದಲೂ ವಾಲ್ವೇ. ಗುಂಡಿ ತಿರುಗಿಸಿ ಅರ್ಧ ನಿಮಿಷ ಕಾದ ಮೇಲೆ ಧಾರವಾಡವೋ ಮೈಸೂರೋ ಮೆಲ್ಲನೆ ಕೇಳಿಸತೊಡಗುತ್ತಿದ್ದ ಮರದ ರೇಡಿಯೋ ಪೆಟ್ಟಿಗೆ ಹಿರಿಯರಿಗೆ ನೆನಪಿರುತ್ತದೆ. ಆ ಅರ್ಧ ನಿಮಿಷ ವಾಲ್ವಿನೊಳಗಿನ ಕ್ಯಾಥೋಡ್ ಬಿಸಿಯಾಗಲು ಬೇಕಾದ ಸಮಯ. ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ 1904ರಲ್ಲಿ ಎರಡು ಎಲೆಕ್ಟ್ರೋಡುಗಳ ವಾಲ್ವನ್ನು ರೂಪಿಸಿದರು. ಅಮೆರಿಕದ ಲೀ ಡಿ ಫಾರೆಸ್ಟ್ ಮುಂದಿನ ಎರಡು ಮೂರು ವರ್ಷಗಳಲ್ಲಿ ಅದರೊಳಗೆ ಗ್ರಿಡ್ ಎಂಬ ಮೂರನೆಯ ಎಲೆಕ್ಟ್ರೋಡನ್ನು ಸೇರಿಸಿದರು. ಧ್ವನಿವರ್ಧನೆ ಸಾಧ್ಯವಾದದ್ದು ಈ ಮೂರನೆಯದರಿಂದ. ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ: ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿ ಇಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಗೆ ಇಳಿಯಿತು. ಬಿಇಎಲ್ ಮುದ್ರೆಯ ಇಸಿಸಿ83, ಇಎಲ್84 ವಾಲ್ವುಗಳನ್ನು ಇಂದಿಗೂ ಹೊರದೇಶದ ಹವ್ಯಾಸಿಗಳು ಹುಡುಕಿ ಕೊಳ್ಳುತ್ತಾರೆ.

ವಾಲ್ವಿನ ಕೆಲಸ ತಾತ್ವಿಕವಾಗಿ ಸರಳ. ಗಾಳಿಯನ್ನು ಹೊರತೆಗೆದ ಗಾಜಿನೊಳಗೆ ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಧನ ವೋಲ್ಟೇಜಿನ ಪ್ಲೇಟ್ ಅವುಗಳನ್ನು ಸೆಳೆದುಕೊಳ್ಳುತ್ತದೆ. ನಡುವೆ ಇರುವ ಗ್ರಿಡ್ ಎಂಬ ಜಾಲರಿಯ ಮೇಲಿನ ಸಣ್ಣ ವೋಲ್ಟೇಜ್ ಈ ಹರಿವನ್ನು ನಾಲೆಯ ತೂಬಿನಂತೆ ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ತೊಡಕಿರುವುದು ಮುಂದಿನ ಹೆಜ್ಜೆಯಲ್ಲಿ. ವಾಲ್ವ್ ಮುನ್ನೂರು ನಾನೂರು ವೋಲ್ಟಿನಲ್ಲಿ ಕೆಲವೇ ಹತ್ತು ಮಿಲಿಆಂಪಿಯರ್ ಕರೆಂಟನ್ನು ಆಡಿಸಬಲ್ಲ ಸಾಧನ. ಸ್ಪೀಕರಿಗೆ ಬೇಕಾಗಿರುವುದು ಇದಕ್ಕೆ ತದ್ವಿರುದ್ಧವಾಗಿ ಕೆಲವೇ ವೋಲ್ಟು ಮತ್ತು ಒಂದೆರಡು ಆಂಪಿಯರ್ ಕರೆಂಟು. ಒಂದಕ್ಕೊಂದು ಭಾಷೆ ತಿಳಿಯದ ಈ ಇಬ್ಬರ ನಡುವಿನ ದುಭಾಷಿಯೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್.

300ಬಿ ಎಂಬ ಹೆಸರಾಂತ ಟ್ರಯೋಡನ್ನು (ಮೂರು ಎಲೆಕ್ಟ್ರೋಡುಗಳ ವಾಲ್ವನ್ನು) ತೆಗೆದುಕೊಳ್ಳೋಣ. ಅದಕ್ಕೆ ಎದುರಿನಲ್ಲಿ ಸುಮಾರು 3,500 ಓಮ್ ಹೊರೆ ಕಾಣಬೇಕು. ನಮ್ಮ ಸ್ಪೀಕರ್ 8 ಓಮಿನದು. ಈ ಎರಡರ ಅನುಪಾತದ ವರ್ಗಮೂಲವೇ ಟ್ರಾನ್ಸ್‌ಫಾರ್ಮರಿನ ಸುತ್ತುಗಳ ಅನುಪಾತ, ಅಂದರೆ ಹೆಚ್ಚುಕಡಿಮೆ 21ಕ್ಕೆ 1. ಇಷ್ಟೇ ಆಗಿದ್ದರೆ ಯಾರು ಬೇಕಾದರೂ ಸುತ್ತಬಹುದಿತ್ತು. ಆದರೆ ಒಂದೇ ಟ್ರಾನ್ಸ್‌ಫಾರ್ಮರ್ 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗೆ, ಸಾವಿರ ಪಟ್ಟು ವಿಸ್ತಾರದಲ್ಲಿ, ಸಮನಾಗಿ ಕೆಲಸ ಮಾಡಬೇಕು. ಕೆಳಗಿನ ಸ್ವರಗಳಿಗೆ ಹೆಚ್ಚು ಸುತ್ತು, ಹೆಚ್ಚು ಕಬ್ಬಿಣ ಬೇಕು. ಸುತ್ತು ಹೆಚ್ಚಿದಂತೆಲ್ಲ ತಂತಿಗಳ ನಡುವಿನ ಕೆಪಾಸಿಟೆನ್ಸೂ ಸೋರುವ ಕಾಂತಕ್ಷೇತ್ರವೂ ಹೆಚ್ಚಿ ಮೇಲಿನ ಸ್ವರಗಳು ಸೊರಗುತ್ತವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂಥ ಈ ಜಗ್ಗಾಟವನ್ನು ಸರಿದೂಗಿಸಲು ಪ್ರೈಮರಿ (ವಾಲ್ವಿನ ಕಡೆಯ) ಮತ್ತು ಸೆಕೆಂಡರಿ (ಸ್ಪೀಕರಿನ ಕಡೆಯ) ಸುತ್ತುಗಳನ್ನು ಹಲವು ಪದರಗಳಾಗಿ ಸೀಳಿ ಒಂದರೊಳಗೊಂದು ಹೆಣೆಯುತ್ತಾರೆ. ವಾಲ್ವ್ ಆಂಪ್ಲಿಫೈಯರಿನ ಬೆಲೆಯಲ್ಲಿ ದೊಡ್ಡ ಪಾಲು ಹೋಗುವುದು ಈ ಕೈಗೆಲಸಕ್ಕೆ, ಮತ್ತು ಅಗ್ಗದ ತಯಾರಕರು ಮೊದಲು ಕತ್ತರಿ ಹಾಕುವುದೂ ಇಲ್ಲಿಯೇ.

ಆ ಕತ್ತರಿಯನ್ನು ಪತ್ತೆ ಹಚ್ಚುವ ಒಂದು ಲೆಕ್ಕವಿದೆ. ಕಬ್ಬಿಣದ ತಿರುಳು ತಡೆಯಬಲ್ಲ ಕಾಂತಪ್ರವಾಹಕ್ಕೆ ಮಿತಿಯಿದ್ದು, ಅದೇ ವೋಲ್ಟೇಜಿಗೆ ಆವರ್ತನ ಅರ್ಧವಾದಾಗ ಕಾಂತಪ್ರವಾಹ ಇಮ್ಮಡಿಯಾಗುತ್ತದೆ. ಆದ್ದರಿಂದ 40 ಹರ್ಟ್ಜ್‌ನಲ್ಲಿ 8 ವ್ಯಾಟ್ ತಡೆಯುವ ತಿರುಳು 20 ಹರ್ಟ್ಜ್‌ನಲ್ಲಿ ತಡೆಯುವುದು ಅದರ ಕಾಲು ಪಾಲನ್ನು, ಅಂದರೆ 2 ವ್ಯಾಟನ್ನು ಮಾತ್ರ. ಕೈಪಿಡಿಯಲ್ಲಿ ವ್ಯಾಟುಗಳನ್ನು ಸಾಮಾನ್ಯವಾಗಿ 1,000 ಹರ್ಟ್ಜ್‌ನಲ್ಲಿ ಅಳೆದು ನಮೂದಿಸಿರುತ್ತಾರೆ. ಅಲ್ಲಿ ಪುಟ್ಟ ಟ್ರಾನ್ಸ್‌ಫಾರ್ಮರೂ ಧೀರನೇ. 30 ಅಥವಾ 40 ಹರ್ಟ್ಜ್‌ನಲ್ಲಿ ಪೂರ್ಣ ಶಕ್ತಿ ಎಷ್ಟು ಎಂದು ಕೇಳಿ. ಉತ್ತರ ಕೊಡಬಲ್ಲ ತಯಾರಕರು ಟ್ರಾನ್ಸ್‌ಫಾರ್ಮರಿನ ಮೇಲೆ ಹಣ ಹಾಕಿದ್ದಾರೆ ಎಂದು ತಕ್ಕಮಟ್ಟಿಗೆ ನಂಬಬಹುದು. ಅಂಕಿ ಸಿಗದಿದ್ದರೆ ಅದೇ ವ್ಯಾಟಿನ, ಅದೇ ಬಗೆಯ ಎರಡು ಆಂಪ್ಲಿಫೈಯರುಗಳ ತೂಕವನ್ನು ಹೋಲಿಸಿ ನೋಡುವುದು ಒರಟಾದರೂ ಮೋಸ ಮಾಡದ ಪರೀಕ್ಷೆ.

ಸ್ಪೀಕರಿನಿಂದ ಶುರುಮಾಡಬೇಕು

ಹೆಚ್ಚಿನವರ ಮನೆಯಲ್ಲಿ ಸ್ಪೀಕರ್ ಆಗಲೇ ಇರುತ್ತದೆ. ಹಾಗಿದ್ದರೆ ಆಂಪ್ಲಿಫೈಯರಿನ ಆಯ್ಕೆ ಅರ್ಧಕ್ಕರ್ಧ ಆಗಿಹೋಗಿದೆ ಎಂದೇ ತಿಳಿಯಬೇಕು. ಸ್ಪೀಕರಿನ ಹಿಂಬದಿಯಲ್ಲೋ ಕೈಪಿಡಿಯಲ್ಲೋ ಸೆನ್ಸಿಟಿವಿಟಿ ಎಂಬ ಅಂಕಿ ಇರುತ್ತದೆ: 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಎಂಬ ಲೆಕ್ಕ. ಶಕ್ತಿ ಇಮ್ಮಡಿಯಾದರೆ ಸಿಗುವುದು 3 ಡೆಸಿಬೆಲ್, ಹತ್ತು ಪಟ್ಟಾದರೆ 10 ಡೆಸಿಬೆಲ್. ಈ ಹತ್ತು ಡೆಸಿಬೆಲ್ ಏರಿಕೆಯನ್ನು ನಮ್ಮ ಕಿವಿ ಸುಮಾರಾಗಿ ಎರಡು ಪಟ್ಟು ಜೋರು ಎಂದು ಗ್ರಹಿಸುತ್ತದೆ. ಇಂದು ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಪುಸ್ತಕದ ಕಪಾಟಿನ ಗಾತ್ರದ ಸ್ಪೀಕರ್ 86 ಡೆಸಿಬೆಲ್ಲಿನದು ಎಂದುಕೊಳ್ಳಿ. ಅದಕ್ಕೆ 8 ವ್ಯಾಟಿನ ಆಂಪ್ಲಿಫೈಯರ್ ಸೇರಿಸಿದರೆ ಗರಿಷ್ಠ 95 ಡೆಸಿಬೆಲ್. ಎರಡು ಸ್ಪೀಕರ್ ಸೇರಿದ ಲಾಭವನ್ನು ಕೂಡಿಸಿ, ಸುಮಾರು 3 ಮೀಟರ್ ದೂರ ಕೂತ ನಷ್ಟವನ್ನು ಕಳೆದರೆ, ಸಾಧಾರಣ ಕೋಣೆಯೊಂದರಲ್ಲಿ ಕಿವಿಗೆ ತಲುಪುವ ಗರಿಷ್ಠ ಮಟ್ಟ 90ರ ಆಸುಪಾಸು. ಸರಾಸರಿ 75 ಡೆಸಿಬೆಲ್ಲಿನಲ್ಲಿ ಕಛೇರಿ ಕೇಳುವವರಿಗೆ ಮೃದಂಗದ ಪೆಟ್ಟುಗಳಿಗೆಂದು ಉಳಿಯುವುದು 15 ಡೆಸಿಬೆಲ್. ಇದು ನಡೆಯುತ್ತದೆ, ಆದರೆ ಅಂಚಿನಲ್ಲಿ ನಡೆಯುತ್ತದೆ. ತನಿ ಆವರ್ತನಕ್ಕೆ ಸ್ವಲ್ಪ ಜೋರು ಮಾಡಿದರೆ ಪೆಟ್ಟಿನ ಮೊನೆ ಮೊಂಡಾಗುತ್ತದೆ. ಅದೇ 8 ವ್ಯಾಟಿಗೆ 95 ಡೆಸಿಬೆಲ್ಲಿನ ಸ್ಪೀಕರ್ ಇದ್ದರೆ ಇನ್ನೂ 9 ಡೆಸಿಬೆಲ್ ಕೈಯಲ್ಲಿರುತ್ತದೆ. ಈ 9 ಡೆಸಿಬೆಲ್ಲನ್ನು ಆಂಪ್ಲಿಫೈಯರಿನ ಕಡೆಯಿಂದ ಪಡೆಯಬೇಕೆಂದರೆ 64 ವ್ಯಾಟಿನ ಯಂತ್ರ ಕೊಳ್ಳಬೇಕು, ಮತ್ತು ವಾಲ್ವಿನ ಲೋಕದಲ್ಲಿ 64 ವ್ಯಾಟ್ ಎಂದರೆ ಬೆಲೆಯಲ್ಲೂ ತೂಕದಲ್ಲೂ ಶಾಖದಲ್ಲೂ ಬೇರೆಯೇ ಪ್ರಾಣಿ.

300ಬಿಯ ಚರಿತ್ರೆಯನ್ನು ನೋಡಿದರೂ ಇದೇ ಪಾಠ. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಈ ವಾಲ್ವ್ 1930ರ ದಶಕದ ಕೊನೆಯಲ್ಲಿ ದುಡಿದದ್ದು ಸಿನಿಮಾ ಮಂದಿರದ ಆಂಪ್ಲಿಫೈಯರುಗಳಲ್ಲಿ. ಕೆಲವೇ ವ್ಯಾಟುಗಳು ಇಡೀ ಮಂದಿರವನ್ನು ತುಂಬುತ್ತಿದ್ದವು ಎಂದರೆ ಆಶ್ಚರ್ಯವೆನಿಸಬಹುದು. ಪರದೆಯ ಹಿಂದೆ ಇರುತ್ತಿದ್ದವು ಆಳೆತ್ತರದ ಹಾರ್ನ್ ಸ್ಪೀಕರುಗಳು, ಅವುಗಳ ಸೆನ್ಸಿಟಿವಿಟಿ 100 ಡೆಸಿಬೆಲ್ಲಿಗೂ ಮೇಲೆ. ಆ ವಾಲ್ವನ್ನು ಮಾತ್ರ ಮನೆಗೆ ತಂದು, ಹಾರ್ನನ್ನು ಮಂದಿರದಲ್ಲೇ ಬಿಟ್ಟು ಬಂದವರ ನಿರಾಶೆಗೆ ವಾಲ್ವನ್ನು ದೂರಿ ಫಲವಿಲ್ಲ.

ಸೆನ್ಸಿಟಿವಿಟಿಗಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯಿದೆ, ಮತ್ತು ನನ್ನ ಅಭಿಪ್ರಾಯದಲ್ಲಿ ವಾಲ್ವಿನ ನಾದ ಎಂದು ಜನ ವರ್ಣಿಸುವುದರಲ್ಲಿ ಬಹುಪಾಲು ಅಡಗಿರುವುದು ಇಲ್ಲಿಯೇ. 8 ಓಮ್ ಎಂದು ಬರೆದ ಸ್ಪೀಕರ್ ಎಲ್ಲ ಆವರ್ತನಗಳಲ್ಲೂ 8 ಓಮ್ ಇರುವುದಿಲ್ಲ. ಕೆಲವೆಡೆ 4 ಓಮಿಗೆ ಇಳಿದು, ಬಾಸ್‌ನ ಅನುರಣನದಲ್ಲಿ 30 ಓಮಿಗೆ ಏರುವುದು ಸಾಮಾನ್ಯ. ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನ ಔಟ್‌ಪುಟ್ ಇಂಪಿಡೆನ್ಸ್ (ಒಳಗಿನ ತಡೆ) ಓಮಿನ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆಯಿರುವುದರಿಂದ ಈ ಏರಿಳಿತ ಅದಕ್ಕೆ ತಟ್ಟುವುದಿಲ್ಲ. ಫೀಡ್‌ಬ್ಯಾಕ್ (ಹೊರಬಂದ ಸಿಗ್ನಲ್ಲಿನ ಒಂದಂಶವನ್ನು ತಪ್ಪು ತಿದ್ದಲು ಮತ್ತೆ ಒಳಗೆ ಕಳಿಸುವುದು) ಇಲ್ಲದ ವಾಲ್ವ್ ಆಂಪ್ಲಿಫೈಯರಿನ ಇಂಪಿಡೆನ್ಸ್ 2 ಓಮ್ ಇದ್ದರೆ ಲೆಕ್ಕವೇ ಬೇರೆ: ಸ್ಪೀಕರ್ 4 ಓಮ್ ಇರುವಲ್ಲಿ ವೋಲ್ಟೇಜಿನ ಮೂರನೇ ಒಂದು ಭಾಗ ಒಳಗೇ ಕಳೆದುಹೋಗಿ ಸುಮಾರು 3.5 ಡೆಸಿಬೆಲ್ ಇಳಿಯುತ್ತದೆ. 30 ಓಮ್ ಇರುವಲ್ಲಿ ಇಳಿಯುವುದು ಅರ್ಧ ಡೆಸಿಬೆಲ್ ಮಾತ್ರ. ಅಂದರೆ ಟೋನ್ ಗುಂಡಿಯನ್ನು ಯಾರೂ ಮುಟ್ಟದಿದ್ದರೂ ಬಾಸ್‌ನ ಒಂದು ಭಾಗ ಉಳಿದದ್ದಕ್ಕಿಂತ 3 ಡೆಸಿಬೆಲ್ ಮೇಲೆದ್ದು ನಿಲ್ಲುತ್ತದೆ. ಒಬ್ಬರ ಮನೆಯಲ್ಲಿ ತುಂಬಿದ, ಬೆಚ್ಚನೆಯ ನಾದ ಎನಿಸಿದ್ದು ಇನ್ನೊಬ್ಬರ ಮನೆಯ ಬೇರೆ ಸ್ಪೀಕರಿನಲ್ಲಿ ಬರೀ ಗುಮ್ಮೆನ್ನುವುದು ಇದಕ್ಕೇ. 1985ರಲ್ಲಿ ಅಮೆರಿಕದ ಇಂಜಿನಿಯರ್ ಬಾಬ್ ಕಾರ್ವರ್ ಸ್ಟೀರಿಯೋಫೈಲ್ ಪತ್ರಿಕೆಯವರ ಎದುರು ತಮ್ಮ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು ತಿದ್ದಿ ತಿದ್ದಿ, ದುಬಾರಿ ವಾಲ್ವ್ ಆಂಪ್ಲಿಫೈಯರೊಂದರ ನಾದಕ್ಕೆ ಬಲು ಹತ್ತಿರ ತಂದು ತೋರಿಸಿದ್ದುಂಟು. ಔಟ್‌ಪುಟ್ ಇಂಪಿಡೆನ್ಸನ್ನು ಹೆಚ್ಚಿಸಿದ್ದು ಆ ತಿದ್ದುಪಡಿಗಳಲ್ಲಿ ಒಂದು.

ಆದ್ದರಿಂದ ಡ್ಯಾಂಪಿಂಗ್ ಫ್ಯಾಕ್ಟರ್ ಎಂಬ ಅಂಕಿಯನ್ನು ಕಡೆಗಣಿಸಬಾರದು. 8 ಓಮನ್ನು ಆಂಪ್ಲಿಫೈಯರಿನ ಇಂಪಿಡೆನ್ಸಿನಿಂದ ಭಾಗಿಸಿದರೆ ಅದು ಸಿಗುತ್ತದೆ; ಮೇಲಿನ ಉದಾಹರಣೆಯಲ್ಲಿ 4. ಸ್ಪೀಕರಿನ ಇಂಪಿಡೆನ್ಸ್ ಗೆರೆ ಹೆಚ್ಚುಕಡಿಮೆ ಸಮತಟ್ಟಾಗಿದ್ದರೆ 3 ಅಥವಾ 4 ಸಾಕು. ಏರಿಳಿತ ಹೆಚ್ಚಿದ್ದರೆ 10ರ ಸಮೀಪವಾದರೂ ಇರಲಿ. ಇದರ ಜೊತೆ, ಹಿಂಬದಿಯಲ್ಲಿ 4, 8, 16 ಓಮ್ ಎಂದು ಬರೆದ ಟರ್ಮಿನಲ್ಲುಗಳಿರುವುದು ಬರೀ ಅಲಂಕಾರಕ್ಕಲ್ಲ. 8 ಓಮಿನ ಸ್ಪೀಕರನ್ನು 4 ಓಮಿನ ಟರ್ಮಿನಲ್ಲಿಗೆ ಹಾಕಿದರೆ ವಾಲ್ವಿಗೆ ಕಾಣುವ ಹೊರೆ ಇಮ್ಮಡಿಯಾಗುತ್ತದೆ. ಸಿಗುವ ವ್ಯಾಟ್ ಕಡಿಮೆಯಾಗುತ್ತದೆ, ಟ್ರಯೋಡುಗಳಲ್ಲಿ ವಿಕೃತಿಯೂ (ಡಿಸ್ಟಾರ್ಷನ್) ಇಳಿಯುತ್ತದೆ, ಬಾಸ್‌ನ ಹಿಡಿತ ಬಿಗಿಯಾಗುತ್ತದೆ. ಬಾಸ್ ಸಡಿಲವೆನಿಸಿದವರು ದುಬಾರಿ ಕೇಬಲ್ ಹುಡುಕುವ ಮೊದಲು, ಆಂಪ್ಲಿಫೈಯರಿನ ಸ್ವಿಚ್ ಆರಿಸಿ, ಪುಕ್ಕಟೆಯಾದ ಈ ಪ್ರಯೋಗವನ್ನು ಮಾಡಬಹುದು.

ಒಂಟಿ ವಾಲ್ವು, ಜೋಡಿ ವಾಲ್ವು

ಅಂಗಡಿಯವರು ಸಿಂಗಲ್ ಎಂಡೆಡ್ ಮತ್ತು ಪುಶ್ ಪುಲ್ ಎಂದು ಎರಡು ಜಾತಿ ಹೇಳುತ್ತಾರೆ. ಮೊದಲನೆಯದರಲ್ಲಿ ಇಡೀ ಅಲೆಯನ್ನು ಒಂದೇ ವಾಲ್ವ್ ಹೊರುತ್ತದೆ. ಸದ್ದಿಲ್ಲದಿದ್ದಾಗಲೂ ಪೂರ್ತಿ ಕರೆಂಟ್ ಹರಿಯುತ್ತಲೇ ಇರುತ್ತದೆ, ಮತ್ತು ಆ ನೇರ ಕರೆಂಟ್ ಟ್ರಾನ್ಸ್‌ಫಾರ್ಮರಿನ ತಿರುಳನ್ನು ಕಾಂತವಾಗಿಸಿ ಕಟ್ಟಿಹಾಕದಂತೆ ಅದರಲ್ಲಿ ಗಾಳಿಯ ಸಂದೊಂದನ್ನು ಬಿಡಬೇಕಾಗುತ್ತದೆ. ಆ ಸಂದು ಬಿಟ್ಟದ್ದರಿಂದ ಬಾಸ್ ಕುಗ್ಗದಿರಲು ತಿರುಳನ್ನು ಇನ್ನೂ ದಪ್ಪ ಮಾಡಬೇಕು. ಎರಡನೆಯದರಲ್ಲಿ ಎರಡು ವಾಲ್ವುಗಳು ಗರಗಸದ ಎರಡು ತುದಿ ಹಿಡಿದವರಂತೆ ಎಳೆದಾಡುತ್ತವೆ. ನೇರ ಕರೆಂಟುಗಳು ಪರಸ್ಪರ ರದ್ದಾಗುವುದರಿಂದ ಅದೇ ಗಾತ್ರದ ಕಬ್ಬಿಣದಲ್ಲಿ ಹಲವು ಪಟ್ಟು ಶಕ್ತಿ ಸಿಗುತ್ತದೆ.

ನಾದದ ವ್ಯತ್ಯಾಸವನ್ನು ಅರಿಯಲು ಸಂಗೀತದ ಲೆಕ್ಕವೇ ಸಾಕು. 240 ಹರ್ಟ್ಜ್‌ನ ಷಡ್ಜವನ್ನು ಆಂಪ್ಲಿಫೈಯರಿಗೆ ಕೊಟ್ಟಾಗ ಅದು ತನ್ನದೇ ಆದ ಒಂದಿಷ್ಟನ್ನು ಬೆರೆಸುತ್ತದೆ. ಎರಡನೆಯ ಹಾರ್ಮೋನಿಕ್, ಅಂದರೆ ಮೂಲದ ಎರಡು ಪಟ್ಟು ಆವರ್ತನ, 480, ಅದು ತಾರಷಡ್ಜ. ಮೂರನೆಯದು 720, ಅದು ಅದರ ಮೇಲಿನ ಪಂಚಮ. ನಾಲ್ಕು ಮತ್ತೆ ಷಡ್ಜ. ಐದು ಅಂತರ ಗಾಂಧಾರ. ಏಳನೆಯದು ಕೈಶಿಕಿ ನಿಷಾದಕ್ಕಿಂತ ತುಸು ಕೆಳಗೆ ಬಿದ್ದು ಅಪಸ್ವರವಾಗುತ್ತದೆ. ಒಂಟಿ ಟ್ರಯೋಡ್ ಬೆರೆಸುವುದರಲ್ಲಿ ಎರಡನೆಯದೇ ಪ್ರಧಾನ, ಮೇಲಕ್ಕೆ ಹೋದಂತೆ ಬೇಗ ಕ್ಷೀಣಿಸುತ್ತದೆ. ಹಾಗಾಗಿ ಶೇಕಡ 1 ವಿಕೃತಿ ಇದ್ದರೂ ಕಿವಿ ಅದನ್ನು ದೋಷವೆಂದು ಎಣಿಸದೆ ನಾದ ಕೊಂಚ ತುಂಬಿಬಂದಿತು ಎಂದುಕೊಳ್ಳುತ್ತದೆ. ಜೋಡಿ ವಾಲ್ವಿನಲ್ಲಿ ಎರಡು, ನಾಲ್ಕು ರದ್ದಾಗಿ ಮೂರು, ಐದು ಉಳಿಯುತ್ತವೆ. ಒಟ್ಟು ವಿಕೃತಿ ಕಡಿಮೆ, ಬಣ್ಣ ಬೇರೆ.

ಕತೆ ಇಲ್ಲಿಗೇ ಮುಗಿದಿದ್ದರೆ ಒಂಟಿ ವಾಲ್ವಿಗೇ ಗೆಲುವು. ಆದರೆ ಎರಡು ಸ್ವರಗಳು ಒಟ್ಟಿಗೆ ಬಂದಾಗ ಆಂಪ್ಲಿಫೈಯರ್ ಅವುಗಳ ಮೊತ್ತವನ್ನೂ ವ್ಯತ್ಯಾಸವನ್ನೂ ಹುಟ್ಟಿಸುತ್ತದೆ. 240ರ ಷಡ್ಜ ಮತ್ತು 360ರ ಪಂಚಮ ಕೂಡಿದರೆ ಹುಟ್ಟುವುದು 120 ಮತ್ತು 600, ಅಂದರೆ ಮಂದ್ರಷಡ್ಜ ಮತ್ತು ಮೇಲಿನ ಅಂತರ ಗಾಂಧಾರ. ತಂಬೂರಿಯ ಪಕ್ಕದಲ್ಲಿ ಈ ಎರಡೂ ಅನ್ಯವಲ್ಲ. ಒಂದು ಕಂಠ, ಒಂದು ಪಿಟೀಲು, ತಂಬೂರಿ ಇರುವ ಕಛೇರಿ ಒಂಟಿ ಟ್ರಯೋಡಿನಲ್ಲಿ ಅಷ್ಟು ಸೊಗಸಾಗಿ ಕೇಳಲು ಇದೊಂದು ಕಾರಣವೆಂದು ನಾನು ಭಾವಿಸುತ್ತೇನೆ. ಅದೇ ಯಂತ್ರಕ್ಕೆ ಅರವತ್ತು ವಾದ್ಯಗಳ ಪಾಶ್ಚಾತ್ಯ ವೃಂದವನ್ನೋ, ತಾಳವಾದ್ಯಗಳು ಕಿಕ್ಕಿರಿದ ಸಿನಿಮಾ ಹಾಡನ್ನೋ ಕೊಟ್ಟರೆ ಹುಟ್ಟುವ ಮೊತ್ತ ವ್ಯತ್ಯಾಸಗಳು ಯಾವ ಶ್ರುತಿಗೂ ಸೇರದೆ ಎಲ್ಲವೂ ಕಲಸಿಹೋದಂತೆ ಕೇಳುತ್ತದೆ. ಯಾವ ಸಂಗೀತವನ್ನು, ಎಷ್ಟು ಜೋರಾಗಿ ಕೇಳುತ್ತೇವೆ ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಟ್ಟುಕೊಳ್ಳದೆ ಇಲ್ಲಿ ಆಯ್ಕೆ ಸಾಧ್ಯವಿಲ್ಲ. ಎಲ್ಲವನ್ನೂ ಕೇಳುವ ಮನೆಗೆ ಇಎಲ್34 ಎಂಬ ವಾಲ್ವಿನ ಜೋಡಿಗಳ 30ರಿಂದ 35 ವ್ಯಾಟಿನ ಪುಶ್ ಪುಲ್ ಹೆಚ್ಚು ಕ್ಷೇಮ. ಅಮೆರಿಕದ ಡೈನಾಕೋ ಕಂಪನಿ 1959ರಲ್ಲಿ ತಂದ ಸ್ಟೀರಿಯೋ 70 ಇದೇ ಅಳತೆಯದು. ಬಿಡಿಭಾಗಗಳ ಕಿಟ್ಟಾಗಿ ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಜೋಡಣೆಗೊಂಡ ಆ ಯಂತ್ರಗಳಲ್ಲಿ ಎಷ್ಟೋ ಇನ್ನೂ ನಡೆಯುತ್ತಿವೆ.

ಫೀಡ್‌ಬ್ಯಾಕ್ ಎಂದರೆ ಮೂಗು ಮುರಿಯುವವರು ಒಂದು ಹಳೆಯ ಘಟನೆಯನ್ನು ನೆನೆಯಬೇಕು. 1947ರಲ್ಲಿ ಬ್ರಿಟನ್ನಿನ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಡಿ.ಟಿ.ಎನ್. ವಿಲಿಯಮ್ಸನ್ ಪ್ರಕಟಿಸಿದ 15 ವ್ಯಾಟಿನ ಸರ್ಕ್ಯೂಟು ವಿಕೃತಿಯನ್ನು ಶೇಕಡ 0.1ರ ಆಸುಪಾಸಿಗೆ ಇಳಿಸಿತು. ಅದರ ಗುಟ್ಟು, ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಒಳಗೊಂಡು ಹಿಂದಕ್ಕೆ ಸುತ್ತಿದ 20 ಡೆಸಿಬೆಲ್ ಫೀಡ್‌ಬ್ಯಾಕ್. ಟ್ರಾನ್ಸ್‌ಫಾರ್ಮರ್ ಕಳಪೆಯಾದರೆ ಅಷ್ಟು ಫೀಡ್‌ಬ್ಯಾಕಿನಲ್ಲಿ ಆಂಪ್ಲಿಫೈಯರ್ ತಾನಾಗಿಯೇ ಕೂಗತೊಡಗುತ್ತದೆ. ಹಾಗಾಗಿ ವಿಲಿಯಮ್ಸನ್ ಟ್ರಾನ್ಸ್‌ಫಾರ್ಮರನ್ನು ಸುತ್ತುವ ವಿವರವನ್ನೂ ಕೊಡಬೇಕಾಯಿತು. 1951ರಲ್ಲಿ ಡೇವಿಡ್ ಹಾಫ್ಲರ್ ಮತ್ತು ಹರ್ಬರ್ಟ್ ಕೆರೋಸ್ ಜನಪ್ರಿಯಗೊಳಿಸಿದ ಅಲ್ಟ್ರಾಲೀನಿಯರ್ ವಿಧಾನವೂ ಟ್ರಾನ್ಸ್‌ಫಾರ್ಮರಿನ ನಡುವಿನ ಸುತ್ತೊಂದರಿಂದ ವಾಲ್ವಿನ ಎರಡನೆಯ ಜಾಲರಿಯಾದ ಸ್ಕ್ರೀನ್ ಗ್ರಿಡ್ಡಿಗೆ ಎಳೆದ ತಂತಿಯೇ. ದೊಡ್ಡ ಸುಧಾರಣೆಗಳು ಮತ್ತೆ ಮತ್ತೆ ಕಬ್ಬಿಣದ ಕಡೆಯಿಂದ ಬಂದಿವೆ. ಹದವಾದ ಫೀಡ್‌ಬ್ಯಾಕ್ ಒಳ್ಳೆಯ ಟ್ರಾನ್ಸ್‌ಫಾರ್ಮರಿನೊಂದಿಗೆ ಸೇರಿದಾಗ ಔಟ್‌ಪುಟ್ ಇಂಪಿಡೆನ್ಸೂ ಇಳಿಯುತ್ತದೆ, ಸ್ಪೀಕರಿನ ಆಯ್ಕೆಯೂ ವಿಶಾಲವಾಗುತ್ತದೆ. ಫೀಡ್‌ಬ್ಯಾಕ್ ಇಲ್ಲ ಎಂಬುದನ್ನೇ ಗುಣವೆಂದು ಜಾಹೀರಾತು ಮಾಡುವುದು, ಉಪ್ಪಿಲ್ಲ ಎಂಬುದನ್ನೇ ಸಾರಿನ ಹೆಚ್ಚುಗಾರಿಕೆ ಎಂದಂತೆ.

ವಾಲ್ವಿನ ಹೆಸರುಗಳು ಮೊದಲಿಗೆ ಗೊಂದಲವೆನಿಸಿದರೂ ಅವುಗಳಲ್ಲಿ ಕ್ರಮವಿದೆ. ಯೂರೋಪಿನ ಪದ್ಧತಿಯಲ್ಲಿ ಇ ಎಂದರೆ 6.3 ವೋಲ್ಟಿನ ಹೀಟರ್, ಸಿ ಎಂದರೆ ಟ್ರಯೋಡ್, ಎಲ್ ಎಂದರೆ ಔಟ್‌ಪುಟ್ ಪೆಂಟೋಡ್ (ಐದು ಎಲೆಕ್ಟ್ರೋಡುಗಳ ವಾಲ್ವ್). ಹೀಗಾಗಿ ಇಸಿಸಿ83 ಒಂದೇ ಗಾಜಿನೊಳಗಿನ ಎರಡು ಟ್ರಯೋಡ್. ಅಮೆರಿಕದವರು ಅದನ್ನೇ 12ಎಎಕ್ಸ್7 ಎನ್ನುತ್ತಾರೆ. ಇಎಲ್84 ಅವರಲ್ಲಿ 6ಬಿಕ್ಯೂ5, ಇಎಲ್34 ಅವರಲ್ಲಿ 6ಸಿಎ7. ಇವುಗಳ ಹೊಸ ತಯಾರಿಕೆ ಇಂದು ಮುಖ್ಯವಾಗಿ ಸ್ಲೊವಾಕಿಯಾ, ರಷ್ಯಾ ಮತ್ತು ಚೀನಾದಲ್ಲಿ ನಡೆಯುತ್ತಿದೆ. 2022ರಲ್ಲಿ ರಷ್ಯಾದ ರಫ್ತಿಗೆ ಅಡ್ಡಿಯಾದಾಗ ಜಗತ್ತಿನಾದ್ಯಂತ ಬೆಲೆ ಏರಿತ್ತು. ಮನೆಯ ಯಂತ್ರಕ್ಕೆ ಹತ್ತು ವರ್ಷವೂ ಬಿಡಿ ವಾಲ್ವ್ ಸಿಗುವಂತಿರಬೇಕಾದರೆ ಇಎಲ್84, ಇಎಲ್34, ಕೆಟಿ88, 6ಎಲ್6 ಮುಂತಾದ ಚಾಲ್ತಿಯ ಜಾತಿಗಳಿಗೇ ಅಂಟಿಕೊಳ್ಳುವುದು ಜಾಣತನ. ಇನ್ನೊಂದು ಎಚ್ಚರಿಕೆ: ಆನ್‌ಲೈನಿನಲ್ಲಿ ಕೆಲವೇ ಸಾವಿರ ರೂಪಾಯಿಗೆ ಸಿಗುವ ಅಂಗೈಯಗಲದ ವಾಲ್ವ್ ಆಂಪ್ಲಿಫೈಯರುಗಳಲ್ಲಿ ಸ್ಪೀಕರನ್ನು ನಡೆಸುವುದು ಒಂದು ಎಲೆಕ್ಟ್ರಾನಿಕ್ ಚಿಪ್. ಮೇಲಿನ ಎರಡು ಪುಟ್ಟ ವಾಲ್ವುಗಳು ದಾರಿಯಲ್ಲಿ ಸುಮ್ಮನೆ ಕೂತಿರುತ್ತವೆ, ಕೆಲವದರಲ್ಲಿ ಬುಡಕ್ಕೆ ಕಿತ್ತಳೆ ಬಣ್ಣದ ಎಲ್‌ಇಡಿಯನ್ನೂ ಇಟ್ಟಿರುತ್ತಾರೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಹಗುರ ಪೆಟ್ಟಿಗೆಯನ್ನು ಕಂಡ ಕೂಡಲೇ ಇದನ್ನು ಊಹಿಸಬಹುದು.

ಕೇಳಿ ನೋಡುವುದು ಹೇಗೆ

ಅಂಕಿಗಳನ್ನು ಓದುವಾಗ ವ್ಯಾಟಿನ ಪಕ್ಕದಲ್ಲಿ ವಿಕೃತಿಯ ಶೇಕಡಾವಾರು ಇದೆಯೇ ನೋಡಬೇಕು. 8 ವ್ಯಾಟ್ ಎಂಬುದನ್ನು ಶೇಕಡ 1 ವಿಕೃತಿಯಲ್ಲಿ ಅಳೆದಿದ್ದರೆ ಒಂದು ಅರ್ಥ, ಶೇಕಡ 10ರಲ್ಲಿ ಅಳೆದಿದ್ದರೆ ಇನ್ನೊಂದು. ಗುಂಯ್‌ಗುಟ್ಟುವ ಹಮ್ಮನ್ನು ಮಿಲಿವೋಲ್ಟಿನಲ್ಲಿ ಕೊಟ್ಟಿರುತ್ತಾರೆ: 8 ಓಮಿನಲ್ಲಿ 1 ಮಿಲಿವೋಲ್ಟ್ ಹಮ್ ಇದ್ದರೆ 86 ಡೆಸಿಬೆಲ್ಲಿನ ಸ್ಪೀಕರ್ ಅದನ್ನು 17 ಡೆಸಿಬೆಲ್ಲಿಗೆ ಮುಟ್ಟಿಸುತ್ತದೆ, ಅದು ಯಾರಿಗೂ ಕೇಳದು, 100 ಡೆಸಿಬೆಲ್ಲಿನ ಹಾರ್ನ್ ಅದನ್ನೇ 31ಕ್ಕೆ ಏರಿಸಿ ರಾತ್ರಿಯ ನಿಶ್ಶಬ್ದದಲ್ಲಿ ಕಾಡುತ್ತದೆ. ಹೀಗೆ ಸೆನ್ಸಿಟಿವಿಟಿ ಹೆಚ್ಚಿದ ಸ್ಪೀಕರಿಗೆ ವ್ಯಾಟ್ ಕಡಿಮೆ ಸಾಕು, ನಿಶ್ಶಬ್ದ ಮಾತ್ರ ಹೆಚ್ಚು ಬೇಕು.

ಕೇಳುವ ಮೊದಲು ಅರ್ಧ ಗಂಟೆ ಯಂತ್ರ ಬಿಸಿಯಾಗಲಿ. ಮೊದಲು ಯಾವ ಹಾಡನ್ನೂ ಹಾಕದೆ ಸ್ಪೀಕರಿನ ಹತ್ತಿರ ಕಿವಿಯಿಟ್ಟು ಹಮ್, ಚಟಪಟ ಸದ್ದು ಇದೆಯೇ ಆಲಿಸಬೇಕು. ವಾಲ್ಯೂಮ್ ಗುಂಡಿಯನ್ನು ನಿಧಾನ ತಿರುಗಿಸಬೇಕು. ಮುಂದಿನ ಸಣ್ಣ ವಾಲ್ವುಗಳನ್ನು ಪೆನ್ಸಿಲಿನ ತುದಿಯಿಂದ ಮೆಲ್ಲನೆ ತಟ್ಟಿ ಸ್ಪೀಕರಿನಲ್ಲಿ ಗಂಟೆಯಂತೆ ಮೊಳಗುತ್ತದೆಯೇ ನೋಡಬೇಕು. ತಟ್ಟಿದಾಗ ತುಸು ಟಿಕ್ಕೆನ್ನುವುದು ಸಹಜ, ಮೊಳಗುತ್ತಲೇ ಉಳಿದರೆ ಆ ವಾಲ್ವ್ ಬೇಡ. ಎರಡು ಆಂಪ್ಲಿಫೈಯರುಗಳನ್ನು ಹೋಲಿಸುವಾಗ ಸದ್ದಿನ ಮಟ್ಟವನ್ನು ಒಂದೇ ಮಾಡದಿದ್ದರೆ ಹೋಲಿಕೆಗೆ ಬೆಲೆಯಿಲ್ಲ, ಏಕೆಂದರೆ ಅರ್ಧ ಡೆಸಿಬೆಲ್ ಜೋರಿರುವುದು ಜೋರು ಎನಿಸದೆ ಉತ್ತಮ ಎನಿಸುತ್ತದೆ. ಪರೀಕ್ಷಾ ಸ್ವರವೊಂದನ್ನು ನುಡಿಸಿ ಸ್ಪೀಕರ್ ಟರ್ಮಿನಲ್ಲಿನಲ್ಲಿ ಮಲ್ಟಿಮೀಟರ್ ಹಿಡಿದು ಎರಡೂ ಕಡೆ ಒಂದೇ ವೋಲ್ಟೇಜ್ ಬರುವಂತೆ ಹೊಂದಿಸುವುದು ಐದು ನಿಮಿಷದ ಕೆಲಸ. ಅಂಗಡಿಯವರು ಕೊಡುವ ಹಾಡನ್ನಲ್ಲದೆ ನೂರು ಸಲ ಕೇಳಿ ಬಾಯಿಪಾಠವಾದ ಧ್ವನಿಮುದ್ರಣವನ್ನು ಒಯ್ಯಿರಿ. ತಂಬೂರಿಯ ಮೀಟು ಒಂದರೊಳಗೊಂದು ಕರಗುವುದು, ಮೃದಂಗದ ಎಡದ ಗುಮ್ಕಿ ಎಳೆದಷ್ಟೇ ನಿಂತು ಬಿಡುವುದು, ಘಟದ ಪೆಟ್ಟಿನ ಮೊನೆ, ವೀಣೆಯ ಗಮಕ ಕ್ಷೀಣಿಸುತ್ತ ಕೊನೆಯವರೆಗೂ ಕೇಳುವುದು, ಇವು ವಾಲ್ವ್ ಆಂಪ್ಲಿಫೈಯರಿನ ಗುಣದೋಷಗಳನ್ನು ಬಯಲಿಗೆಳೆಯುತ್ತವೆ. ಗುಮ್ಕಿ ಉದ್ದವಾಗಿ ಎಳೆದುಕೊಂಡರೆ ಡ್ಯಾಂಪಿಂಗ್ ಸಾಲದು. ಘಟದ ಮೊನೆ ಜೋರಿನಲ್ಲಿ ಮಾತ್ರ ಮೊಂಡಾದರೆ ವ್ಯಾಟ್ ಸಾಲದು. ಮೆಲ್ಲಗೆ ಕೇಳಿದಾಗಲೂ ಮೊಂಡಾಗಿದ್ದರೆ ಟ್ರಾನ್ಸ್‌ಫಾರ್ಮರಿನ ಮೇಲೆ ಅನುಮಾನ ಪಡಬೇಕು. ಸಾಧ್ಯವಾದರೆ ಇದೆಲ್ಲವೂ ನಿಮ್ಮ ಮನೆಯ, ನಿಮ್ಮ ಸ್ಪೀಕರಿನ ಎದುರು ನಡೆಯಲಿ.

ಮನೆಯಲ್ಲಿ ಇಟ್ಟುಕೊಳ್ಳುವುದು

ನಮ್ಮ ಕರೆಂಟಿನ ಮಾತನ್ನು ಇಲ್ಲಿ ಬಿಡುವಂತಿಲ್ಲ. 220 ವೋಲ್ಟಿಗೆ ಸುತ್ತಿದ ಆಮದು ಯಂತ್ರಕ್ಕೆ ರಾತ್ರಿ ಹೊತ್ತು 245 ವೋಲ್ಟ್ ಬಂದರೆ 6.3 ವೋಲ್ಟಿನ ಹೀಟರಿಗೆ 7 ವೋಲ್ಟ್ ಸಿಕ್ಕಿ ವಾಲ್ವಿನ ಆಯುಸ್ಸು ಕರಗುತ್ತದೆ. ಪ್ಲೇಟಿನ ವೋಲ್ಟೇಜೂ ಅದೇ ಪ್ರಮಾಣದಲ್ಲಿ ಏರುತ್ತದೆ. 230 ಅಥವಾ 240 ವೋಲ್ಟಿನ ಟ್ಯಾಪ್ (ಆ ವೋಲ್ಟೇಜಿಗೆಂದೇ ಇರುವ ಸಂಪರ್ಕ) ಇರುವುದನ್ನು ಆರಿಸಿ, ಇಲ್ಲವೇ ಒಳ್ಳೆಯ ಸ್ಟೆಬಿಲೈಸರ್ ಇಡಿ. ಜಪಾನಿನಿಂದ ಬಂದದ್ದು 100 ವೋಲ್ಟಿನದು, ಅಮೆರಿಕದ್ದು 117ರ ಆಸುಪಾಸಿನದು. ಅವುಗಳಿಗೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕಡ್ಡಾಯ. ಇಎಲ್34 ಒಂದರ ಹೀಟರೇ 9 ವ್ಯಾಟಿಗೂ ಹೆಚ್ಚು ಉಣ್ಣುತ್ತದೆ. ನಾಲ್ಕು ವಾಲ್ವಿನ ಯಂತ್ರ ಗೋಡೆಯಿಂದ 200 ವ್ಯಾಟ್ ಎಳೆಯುತ್ತದೆಂದು ಹಿಡಿದರೆ ದಿನಕ್ಕೆ 3 ಗಂಟೆಯಂತೆ ತಿಂಗಳಿಗೆ 18 ಯೂನಿಟ್. ಹಣದ ಮಟ್ಟಿಗೆ ಇದು ದೊಡ್ಡದಲ್ಲ, ಆದರೆ ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ಮುಚ್ಚಿದ ಕೋಣೆಯಲ್ಲಿ ಅಷ್ಟು ಶಾಖದೊಂದಿಗೆ ಕೂರುವುದು ಬೇರೆ ಮಾತು. ಗಾಜಿನ ಗೂಡಿನಲ್ಲಿ, ಮುಚ್ಚಿದ ಶೋಕೇಸಿನಲ್ಲಿ ಇದನ್ನು ಇಡಲೇಬಾರದು.

ಔಟ್‌ಪುಟ್ ವಾಲ್ವುಗಳಿಗೆ, ಸದ್ದಿಲ್ಲದಿದ್ದಾಗ ಎಷ್ಟು ಕರೆಂಟ್ ಹರಿಯಬೇಕೆಂದು ಗೊತ್ತುಮಾಡುವ, ಬಯಾಸ್ ಎಂಬ ಹೊಂದಿಕೆ ಬೇಕು. ಕ್ಯಾಥೋಡ್ ಬಯಾಸ್ ಇರುವ ಯಂತ್ರ ತನ್ನನ್ನು ತಾನೇ ಹೊಂದಿಸಿಕೊಳ್ಳುತ್ತದೆ, ಶಕ್ತಿ ಕೊಂಚ ಕಡಿಮೆ; ಫಿಕ್ಸೆಡ್ ಬಯಾಸಿನಲ್ಲಿ ನಾವೇ ಸ್ಕ್ರೂ ತಿರುಗಿಸಬೇಕು. 25 ವ್ಯಾಟ್ ತಡೆಯುವ ಇಎಲ್34ಕ್ಕೆ ಶೇಕಡ 70ರ ಲೆಕ್ಕ ಹಿಡಿದರೆ 17.5 ವ್ಯಾಟ್; ಪ್ಲೇಟಿನಲ್ಲಿ 400 ವೋಲ್ಟ್ ಇದ್ದಾಗ 44 ಮಿಲಿಆಂಪಿಯರ್. ಹೊರಗಿನಿಂದಲೇ ಅಳೆಯುವ ಸಾಕೆಟ್ಟು ಅಥವಾ ಮೀಟರ್ ಇರುವ ಯಂತ್ರ ಮನೆಗೆ ಒಳ್ಳೆಯದು, ಏಕೆಂದರೆ ಒಳಗಿನ ಕೆಪಾಸಿಟರುಗಳು ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೂ 400 ವೋಲ್ಟ್ ಹಿಡಿದಿಟ್ಟುಕೊಂಡಿರಬಲ್ಲವು, ಮತ್ತು ಆ ಷಾಕ್ ಪ್ರಾಣ ತೆಗೆಯಬಲ್ಲದು. ಸಣ್ಣ ಮಕ್ಕಳಿರುವ ಮನೆಯಲ್ಲಿ ವಾಲ್ವುಗಳ ಮೇಲೆ ಜಾಲರಿ ಇರಲಿ. ಸ್ಪೀಕರ್ ಜೋಡಿಸದೆ ಹಾಡು ನುಡಿಸುವುದೂ ಅಪಾಯ: ಹೊರೆಯಿಲ್ಲದ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಹುಚ್ಚಾಗಿ ಏರಿ ಸುತ್ತುಗಳ ನಡುವೆ ಕಿಡಿ ಹಾರುತ್ತದೆ. ಔಟ್‌ಪುಟ್ ವಾಲ್ವ್ ಸುಮಾರಾಗಿ ಎರಡರಿಂದ ಐದು ಸಾವಿರ ಗಂಟೆ ಬಾಳುತ್ತದೆ, ಸಣ್ಣ ವಾಲ್ವುಗಳು ಅದಕ್ಕಿಂತ ಬಹಳ ಹೆಚ್ಚು. ದಿನಕ್ಕೆ 3 ಗಂಟೆಯ ಬಳಕೆಗೆ ಎರಡು ಮೂರು ವರ್ಷಕ್ಕೊಮ್ಮೆ ಹೊಂದಾಣಿಕೆ ಮಾಡಿದ ಹೊಸ ಜೋಡಿಯ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಹಳೆಯ ಯಂತ್ರ ಕೊಳ್ಳುವವರು ವಾಲ್ವುಗಳ ಸ್ಥಿತಿಯನ್ನು ಕೊನೆಗೆ ನೋಡಿದರೂ ಆದೀತು, ಅವು ಬದಲಾಯಿಸಲೆಂದೇ ಇರುವಂಥವು. ಮೊದಲು ನೋಡಬೇಕಾದದ್ದು ಟ್ರಾನ್ಸ್‌ಫಾರ್ಮರುಗಳು ಮೂಲದವೇ, ಸುಟ್ಟ ವಾಸನೆ ಇದೆಯೇ, ಡಾಂಬರು ಸೋರಿದೆಯೇ ಎಂದು. ವರ್ಷಗಟ್ಟಲೆ ಅಟ್ಟದ ಮೇಲಿದ್ದ ಪೆಟ್ಟಿಗೆಯನ್ನು ನೇರವಾಗಿ ಪ್ಲಗ್ಗಿಗೆ ಹಾಕದೆ, ಬಲ್ಲ ಮೆಕ್ಯಾನಿಕ್ಕಿಗೆ ಕೊಟ್ಟು ಒಣಗಿದ ಕೆಪಾಸಿಟರುಗಳನ್ನು ಪರೀಕ್ಷಿಸಿ, ವೇರಿಯಾಕಿನಲ್ಲಿ (ವೋಲ್ಟೇಜನ್ನು ಬೇಕಾದಷ್ಟು ಏರಿಳಿಸುವ ಟ್ರಾನ್ಸ್‌ಫಾರ್ಮರಿನಲ್ಲಿ) ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು. ಏರಿಸುವಾಗ ಕೋಣೆಯ ದೀಪ ಆರಿಸಿ ಔಟ್‌ಪುಟ್ ವಾಲ್ವಿನ ಬೂದುಬಣ್ಣದ ಪ್ಲೇಟನ್ನೇ ನೋಡುತ್ತಿರಬೇಕು. ಹೀಟರಿನ ಕಿತ್ತಳೆ ಬೆಳಕು ಒಳಗೆ ಇಣುಕುವುದು ಸರಿ, ಪ್ಲೇಟಿನ ಮೈ ಮಂಕಾಗಿ ಕೆಂಪೇರತೊಡಗಿದರೆ ಆ ಕ್ಷಣವೇ ಆರಿಸಬೇಕು. ಹಿಂದಿನ ಹಂತದ ಕೆಪಾಸಿಟರ್ ಸೋರಿ ಗ್ರಿಡ್ಡಿನ ಹಿಡಿತ ತಪ್ಪಿದೆ ಎಂಬುದಕ್ಕೆ ಅದು ಸಾಮಾನ್ಯ ಸೂಚನೆ. ಆಗ ಬದಲಾಯಿಸಬೇಕಾದದ್ದು ಕೆಲವು ರೂಪಾಯಿಯ ಆ ಕೆಪಾಸಿಟರನ್ನು; ಅದನ್ನು ಹಾಗೇ ಬಿಟ್ಟು ಹೊಸ ವಾಲ್ವ್ ಚುಚ್ಚಿದರೆ ಅದೂ ಕೆಂಪಾಗುತ್ತದೆ, ಅದರ ಬೆನ್ನಿಗೆ ಟ್ರಾನ್ಸ್‌ಫಾರ್ಮರೂ ಸುಡುತ್ತದೆ.